ಆಸ್ಪತ್ರೆ ಆಡಳಿತ: ಪದವಿ ಉಂಟು, ಪೀಠ ಎಲ್ಲಿ?

2021ರ ಮೇ 2ರ ರಾತ್ರಿಯಿಂದ ಮರುದಿನ ಬೆಳಗಿನ ನಡುವೆ ಚಾಮರಾಜನಗರ ಜಿಲ್ಲಾ ಆಸ್ಪತ್ರೆಯಲ್ಲಿ ಸಂಭವಿಸಿದ ಸಾವುಗಳನ್ನು ರಾಜ್ಯ ಇನ್ನೂ ಮರೆತಿಲ್ಲ. ಅಂದು 24 ಮಂದಿ ರೋಗಿಗಳು ಅಸುನೀಗಿದರು ಎಂಬುದು ಆಗ ಹೊರಬಿದ್ದ ಲೆಕ್ಕ. ಆಮ್ಲಜನಕದ ಕೊರತೆಯೇ ಸಾವುಗಳಿಗೆ ಕಾರಣವಾಯಿತೆಂದು ಹೈಕೋರ್ಟ್ ರಚಿಸಿದ ನಿವೃತ್ತ ನ್ಯಾಯಮೂರ್ತಿಗಳ ಸಮಿತಿ ವರದಿ ನೀಡಿತು. ವಾರ್ಡಿನಲ್ಲಿ ವೈದ್ಯರಿದ್ದರು, ದಾದಿಯರಿದ್ದರು, ಹಾಸಿಗೆಗಳೂ ಇದ್ದವು. ಮೈಸೂರಿನ ಕಡೆಯಿಂದ ಬರಬೇಕಾಗಿದ್ದ ಸಿಲಿಂಡರ್‌ಗಳು ಸಕಾಲಕ್ಕೆ ಬರಲಿಲ್ಲ.

ಆನಂತರ ನಡೆದ ಚರ್ಚೆಯೆಲ್ಲ ಎರಡು ಜಿಲ್ಲಾಡಳಿತಗಳ ನಡುವಣ ವಾಗ್ವಾದವಾಗಿ, ರಾಜಕೀಯ ಪಕ್ಷಗಳ ಪರಸ್ಪರ ದೂಷಣೆಯಾಗಿ ಪರಿಣಮಿಸಿತು. ಆಸ್ಪತ್ರೆಯೊಂದರಲ್ಲಿ ದಿನಕ್ಕೆ ಎಷ್ಟು ಆಮ್ಲಜನಕ ವ್ಯಯವಾಗುತ್ತದೆ, ದಾಸ್ತಾನು ಎಷ್ಟು ಗಂಟೆಗೆ ಸಾಕು, ವಾಹನ ತಡವಾದರೆ ಪರ್ಯಾಯವೇನು ಎಂಬ ಲೆಕ್ಕವನ್ನು ಪ್ರತಿದಿನ ಇಡಬೇಕಾದವರು ಯಾರು? ಅಪಾಯದ ಮುನ್ಸೂಚನೆಯನ್ನು ಒಂದು ದಿನ ಮೊದಲೇ ಲಿಖಿತವಾಗಿ ಕೊಡುವ ಹೊಣೆ ಮತ್ತು ಅಧಿಕಾರ ಯಾರಿಗಿರಬೇಕು? ಈ ಪ್ರಶ್ನೆಗಳು ಅಷ್ಟಾಗಿ ಚರ್ಚೆಗೆ ಬರಲಿಲ್ಲ.

ಈ ಕೆಲಸಕ್ಕೆಂದೇ ಒಂದು ಸ್ನಾತಕೋತ್ತರ ಪದವಿಯಿದೆ. ಅದರ ಹೆಸರು ಮಾಸ್ಟರ್ ಆಫ್ ಹಾಸ್ಪಿಟಲ್ ಅಡ್ಮಿನಿಸ್ಟ್ರೇಷನ್. ವಿದ್ಯಾರ್ಥಿಗಳ ಬಾಯಲ್ಲಿ ಎಂಎಚ್‌ಎ. ಕರ್ನಾಟಕದ ಕಾಲೇಜುಗಳಿಂದ ಪ್ರತಿವರ್ಷ ಈ ಪದವಿ ಪಡೆದ ಯುವಕ ಯುವತಿಯರು ಹೊರಬರುತ್ತಿದ್ದಾರೆ. ಆದರೆ ಅವರು ಕಲಿತ ವಿದ್ಯೆ ಅತ್ಯಂತ ಅಗತ್ಯವಾಗಿರುವ ಸರ್ಕಾರಿ ಆಸ್ಪತ್ರೆಗಳಲ್ಲಿ ಅವರಿಗೆ ಭದ್ರವಾದ ಸ್ಥಾನವಿಲ್ಲ. ಸ್ಥಾನ ದೊರೆಯುವ ಖಾಸಗಿ ಆಸ್ಪತ್ರೆಗಳಲ್ಲಿ ಕಲಿತ ವಿದ್ಯೆಗೆ ತಕ್ಕ ಕೆಲಸ ಸಿಗುವುದು ಖಾತ್ರಿಯಿಲ್ಲ. ಪದವಿಗೆ ಅರ್ಜಿ ಹಾಕುವ ವಿದ್ಯಾರ್ಥಿಗಳೂ ಅವರ ಪೋಷಕರೂ ಮಾತ್ರವಲ್ಲ, ಆಸ್ಪತ್ರೆಯ ಮೆಟ್ಟಿಲು ಹತ್ತುವ ಪ್ರತಿಯೊಬ್ಬರೂ ಯೋಚಿಸಬೇಕಾದ ವಿಷಯವಿದು.

ವೈದ್ಯವೃತ್ತಿಯಿಂದ ಬೇರ್ಪಟ್ಟ ವಿದ್ಯೆ

ಆಸ್ಪತ್ರೆ ನಡೆಸುವುದು ರೋಗ ವಾಸಿಮಾಡುವುದಕ್ಕಿಂತ ಭಿನ್ನವಾದ ವಿದ್ಯೆ ಎಂಬ ಕಲ್ಪನೆಗೆ ಸುಮಾರು ಒಂದು ಶತಮಾನದ ಇತಿಹಾಸವಿದೆ. ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಮೈಕೇಲ್ ಡೇವಿಸ್ ಅವರ ನೇತೃತ್ವದಲ್ಲಿ 1934ರಲ್ಲಿ ಈ ವಿಷಯದ ಸ್ನಾತಕೋತ್ತರ ಶಿಕ್ಷಣ ಆರಂಭವಾಯಿತು. ಭಾರತದಲ್ಲಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ (ಏಮ್ಸ್) 1966ರಲ್ಲಿ ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಕೋರ್ಸನ್ನು ಪ್ರಾರಂಭಿಸಿತು. ಅಲ್ಲಿಗೆ ಪ್ರವೇಶ ಎಂಬಿಬಿಎಸ್ ಮುಗಿಸಿದವರಿಗೆ ಮಾತ್ರ. ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲೂ ವೈದ್ಯರಿಗಾಗಿಯೇ ಈ ವಿಷಯದಲ್ಲಿ ಎಂ.ಡಿ. ಪದವಿಯಿದೆ.

ಇನ್ನೊಂದು ಧಾರೆ ವೈದ್ಯೇತರರದು. ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆ ಯಾವುದೇ ವಿಷಯದ ಪದವೀಧರರಿಗೆ ಈ ಶಿಕ್ಷಣದ ಬಾಗಿಲು ತೆರೆಯಿತು. 1984ರಲ್ಲಿ ಜೈಪುರದಲ್ಲಿ ಆರೋಗ್ಯ ನಿರ್ವಹಣೆಗೆಂದೇ ಐಐಎಚ್‌ಎಂಆರ್ ಸಂಸ್ಥೆ ಸ್ಥಾಪನೆಯಾಯಿತು. ಅದರ ಬೆಂಗಳೂರು ಸಂಸ್ಥೆ 2004ರಲ್ಲಿ ಬಂತು. ಕರ್ನಾಟಕದಲ್ಲಿ 1996ರಲ್ಲಿ ಕಾರ್ಯಾರಂಭ ಮಾಡಿದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ತನ್ನ ಅಧೀನದ ಕಾಲೇಜುಗಳ ಮೂಲಕ ಎಂಎಚ್‌ಎ ಪದವಿ ನೀಡುತ್ತಿದೆ. ಮಣಿಪಾಲದಂಥ ಡೀಮ್ಡ್ ವಿಶ್ವವಿದ್ಯಾಲಯಗಳೂ ಈ ಕ್ಷೇತ್ರದಲ್ಲಿವೆ. ಇವಲ್ಲದೆ ಇದೇ ವಿಷಯವನ್ನು ಎಂಬಿಎ ಎಂಬ ಹೆಸರಿನಲ್ಲಿ, ಪಿಜಿಡಿಎಂ ಎಂಬ ಹೆಸರಿನಲ್ಲಿ ಕಲಿಸುವ ಸಂಸ್ಥೆಗಳು ಹಲವು.

ಎರಡು ವರ್ಷಗಳ ಈ ವ್ಯಾಸಂಗದಲ್ಲಿ ಏನಿರುತ್ತದೆ? ಆಸ್ಪತ್ರೆಯ ಕಟ್ಟಡ ಯೋಜನೆಯಿಂದ ಹಿಡಿದು ಔಷಧ ದಾಸ್ತಾನು, ಉಪಕರಣ ಖರೀದಿ, ವೈದ್ಯಕೀಯ ದಾಖಲೆ, ಲೆಕ್ಕಪತ್ರ, ಸಿಬ್ಬಂದಿ ನಿರ್ವಹಣೆ, ಸೋಂಕು ನಿಯಂತ್ರಣ, ಸಂಖ್ಯಾಶಾಸ್ತ್ರ, ಆರೋಗ್ಯ ಅರ್ಥಶಾಸ್ತ್ರ ಮತ್ತು ಕಾನೂನಿನವರೆಗೆ ಪಠ್ಯ ಹರಡಿಕೊಂಡಿದೆ. ಕೊನೆಯಲ್ಲಿ ಆಸ್ಪತ್ರೆಯೊಂದರಲ್ಲಿ ತರಬೇತಿ ಮತ್ತು ಪ್ರಬಂಧ. ದಂತವೈದ್ಯರು, ಆಯುರ್ವೇದ ಪದವೀಧರರು, ಫಿಸಿಯೊಥೆರಪಿ ಕಲಿತವರು, ಅನುಭವಿ ದಾದಿಯರು, ವಿಜ್ಞಾನ ಹಾಗೂ ವಾಣಿಜ್ಯ ಪದವೀಧರರು ಒಂದೇ ತರಗತಿಯಲ್ಲಿ ಕೂರುವುದು ಈ ಕೋರ್ಸಿನ ವಿಶೇಷ.

ಕಾನೂನುಗಳ ಕಾಡು

ಮೂರು ದಶಕಗಳ ಹಿಂದೆ ನರ್ಸಿಂಗ್ ಹೋಮ್ ಒಂದನ್ನು ನಡೆಸಲು ಒಬ್ಬ ವೈದ್ಯರು, ಒಬ್ಬ ಗುಮಾಸ್ತರು, ಒಂದು ರಸೀದಿ ಪುಸ್ತಕ ಸಾಕಾಗುತ್ತಿತ್ತು. ಇಂದು ಆ ಕಾಲವಿಲ್ಲ. ವೈದ್ಯಕೀಯ ಸೇವೆಯೂ ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪಿತ್ತಿತು. ಭ್ರೂಣಲಿಂಗ ಪತ್ತೆ ನಿಷೇಧ ಕಾಯಿದೆ ಮತ್ತು ಅಂಗಾಂಗ ಕಸಿ ಕಾಯಿದೆಗಳೆರಡೂ 1994ರವು. ಜೈವಿಕ ವೈದ್ಯಕೀಯ ತ್ಯಾಜ್ಯಕ್ಕೆ 2016ರ ನಿಯಮಗಳಿವೆ. ಎಕ್ಸ್‌ರೇ ಯಂತ್ರಕ್ಕೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ, ಔಷಧ ಮಳಿಗೆಗೆ ಬೇರೊಂದು ಪರವಾನಗಿ, ಕಟ್ಟಡಕ್ಕೆ ಅಗ್ನಿಶಾಮಕ ಇಲಾಖೆಯ ಅನುಮತಿ ಬೇಕು.

ಇವುಗಳಲ್ಲಿ ಯಾವುದನ್ನೂ ಕೇವಲ ಕಾಗದಪತ್ರವೆಂದು ತಳ್ಳಿಹಾಕುವಂತಿಲ್ಲ. 2011ರ ಡಿಸೆಂಬರ್ 9ರಂದು ಕೊಲ್ಕತ್ತದ ಎಎಂಆರ್‌ಐ ಆಸ್ಪತ್ರೆಯಲ್ಲಿ ಬೆಂಕಿ ಹೊತ್ತಿಕೊಂಡು ಸುಮಾರು 90 ಮಂದಿ ಬಲಿಯಾದರು. ಹಾಸಿಗೆಯಿಂದ ಏಳಲಾಗದ ರೋಗಿಗಳು ಹೊಗೆಯಲ್ಲಿ ಉಸಿರುಗಟ್ಟಿ ಸತ್ತರು. ಆಸ್ಪತ್ರೆಯ ನಿರ್ದೇಶಕರು ಬಂಧನಕ್ಕೊಳಗಾದರು. ಅಗ್ನಿಸುರಕ್ಷತೆ ಎಂಬುದು ಚಿಕಿತ್ಸೆಯ ವಿಷಯವಲ್ಲ, ಆಡಳಿತದ ವಿಷಯ ಎಂಬುದನ್ನು ದೇಶಕ್ಕೆ ತೋರಿಸಿಕೊಟ್ಟ ದುರಂತವದು.

ರಾಜ್ಯದ ಮಟ್ಟಿಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ 2007ರಲ್ಲಿ ಬಂತು. 2017ರಲ್ಲಿ ಅದಕ್ಕೆ ತಿದ್ದುಪಡಿ ತರಲು ಸರ್ಕಾರ ಮುಂದಾದಾಗ ಆ ವರ್ಷದ ನವೆಂಬರ್‌ನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದರು. ಕೊನೆಗೆ ಸೌಮ್ಯರೂಪದಲ್ಲಿ ಅಂಗೀಕಾರವಾದ ತಿದ್ದುಪಡಿಯಲ್ಲೂ ರೋಗಿಗಳ ಹಕ್ಕುಗಳ ಸನ್ನದು, ದೂರು ಪರಿಹಾರ ವ್ಯವಸ್ಥೆ, ಬಾಕಿ ಹಣಕ್ಕಾಗಿ ಮೃತದೇಹ ತಡೆಹಿಡಿಯಬಾರದೆಂಬ ನಿಯಮ ಉಳಿದವು. ಈ ನಿಯಮಗಳು ಕಾರ್ಯರೂಪಕ್ಕೆ ಬರುವುದು ಬಿಲ್ ಕೌಂಟರಿನಲ್ಲಿ, ವಿಚಾರಣಾ ಮೇಜಿನಲ್ಲಿ. ಅಲ್ಲಿ ಕೂತಿರುವವರು ಬಹುಮಟ್ಟಿಗೆ ಆಡಳಿತ ಸಿಬ್ಬಂದಿಯೇ ಹೊರತು ವೈದ್ಯರಲ್ಲ.

ಖಾಸಗಿಯಲ್ಲಿ ಕೆಲಸ ಯಾವುದು?

ಖಾಸಗಿ ಆಸ್ಪತ್ರೆಗಳಲ್ಲಿ ಎಂಎಚ್‌ಎ ಪದವೀಧರರಿಗೆ ಬೇಡಿಕೆ ಬಂದುದಕ್ಕೆ ಎರಡು ಮುಖ್ಯ ಕಾರಣಗಳಿವೆ. ಮೊದಲನೆಯದು ಗುಣಮಟ್ಟದ ಮಾನ್ಯತೆ. ಭಾರತೀಯ ಗುಣಮಟ್ಟ ಮಂಡಳಿಯ ಅಧೀನದಲ್ಲಿ ಎನ್‌ಎಬಿಎಚ್ ಎಂಬ ಮಾನ್ಯತಾ ಮಂಡಳಿ ಕಾರ್ಯಾರಂಭ ಮಾಡಿದ ಮೇಲೆ ಪ್ರತಿ ವಿಭಾಗದ ಕಾರ್ಯವಿಧಾನವನ್ನು ಬರೆದಿಡುವ, ತಪ್ಪುಗಳನ್ನು ದಾಖಲಿಸುವ, ಲೆಕ್ಕ ಪರಿಶೀಲಿಸುವ ಕೆಲಸಕ್ಕೆ ತರಬೇತಾದವರು ಬೇಕಾದರು. ಎರಡನೆಯದು ವಿಮೆ. ಚಿಕಿತ್ಸೆಗೆ ಮುನ್ನ ಅನುಮತಿ, ಚಿಕಿತ್ಸೆಯ ಬಳಿಕ ದಾಖಲೆ, ಹಣ ಮಂಜೂರಾತಿ, ತಿರಸ್ಕೃತ ಅರ್ಜಿಗೆ ಸಮಜಾಯಿಷಿ: ಇವೆಲ್ಲ ಸೇರಿ ಒಂದು ವಿಭಾಗವೇ ಆಗಿದೆ.

ಆದರೆ ಪದವಿ ಪಡೆದು ಹೊರಬಂದ ವಿದ್ಯಾರ್ಥಿಗೆ ಮೊದಲ ವರ್ಷಗಳಲ್ಲಿ ಸಿಗುವ ಕೆಲಸ ಬಹುತೇಕ ಕೌಂಟರಿನ ಹಿಂದಿನದು. ಹೊರರೋಗಿ ವಿಭಾಗದ ಸಾಲು ನಿಭಾಯಿಸುವುದು, ವಿಮೆ ಮೇಜಿನಲ್ಲಿ ಕೂರುವುದು, ಮಹಡಿ ಮೇಲ್ವಿಚಾರಣೆ, ಆರೋಗ್ಯ ತಪಾಸಣೆಯ ಪ್ಯಾಕೇಜುಗಳ ಪ್ರಚಾರ. ವೃತ್ತಿಯ ಆರಂಭದಲ್ಲಿ ಇದು ಅವಮಾನದ ಕೆಲಸವೇನೂ ಅಲ್ಲ. ರೋಗಿಯ ಕಷ್ಟ ಅರಿಯದವರು ಆಸ್ಪತ್ರೆ ನಡೆಸಲಾರರು. ತೊಡಕಿರುವುದು ಮುಂದಿನ ಮೆಟ್ಟಿಲಿನಲ್ಲಿ. ಖರೀದಿ, ಸುರಕ್ಷತೆ, ಸಿಬ್ಬಂದಿ ಹಂಚಿಕೆಯಂಥ ನಿರ್ಧಾರಗಳಲ್ಲಿ ಮಾತಾಡುವ ಅವಕಾಶ ಇವರಿಗೆ ದೊರೆಯದೆ ವರ್ಷಗಳು ಕಳೆದುಹೋಗುವುದುಂಟು. ದಿನದ ವರಮಾನ ಎಷ್ಟು, ಖಾಲಿ ಹಾಸಿಗೆ ಎಷ್ಟು ಎಂಬ ಎರಡು ಅಂಕಿಗಳೇ ಆಡಳಿತಗಾರರ ಅಳತೆಗೋಲಾದರೆ, ಸೋಂಕು ನಿಯಂತ್ರಣದ ಪಾಠ ಓದಿದವರು ವಸೂಲಿ ಅಧಿಕಾರಿಗಳಾಗಿ ಮಾರ್ಪಡುತ್ತಾರೆ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ವೈದ್ಯರಿಗೆ ವೈದ್ಯಕೀಯ ಪರಿಷತ್ತಿದೆ, ದಾದಿಯರಿಗೆ ಶುಶ್ರೂಷಾ ಪರಿಷತ್ತಿದೆ, ಔಷಧ ವಿತರಕರಿಗೆ ಫಾರ್ಮಸಿ ಪರಿಷತ್ತಿದೆ. ನೋಂದಣಿಯಿಲ್ಲದೆ ಅವರು ವೃತ್ತಿ ನಡೆಸುವಂತಿಲ್ಲ. ವೈದ್ಯೇತರ ಆಸ್ಪತ್ರೆ ಆಡಳಿತಗಾರರಿಗೆ ಅಂಥ ನೋಂದಣಿಯಿಲ್ಲ. ಆಡಳಿತಗಾರರನ್ನಾಗಿ ಯಾರನ್ನು ಬೇಕಾದರೂ ನೇಮಿಸಿಕೊಳ್ಳುವ ಸ್ವಾತಂತ್ರ್ಯ ಮಾಲೀಕರಿಗಿದೆ. ಹಾಗಾಗಿ ಪದವಿಯ ಬೆಲೆ ಅದನ್ನು ನೀಡಿದ ಸಂಸ್ಥೆಯ ಹೆಸರಿನ ಮೇಲೆ, ಅಭ್ಯರ್ಥಿ ಪಡೆದ ತರಬೇತಿಯ ಮೇಲೆ ನಿಂತಿದೆಯೇ ಹೊರತು ಕಾನೂನಿನ ರಕ್ಷಣೆಯ ಮೇಲಲ್ಲ.

ಸರ್ಕಾರದಲ್ಲಿ ಸ್ಥಾನವೆಲ್ಲಿ?

ಸರ್ಕಾರಿ ಆಸ್ಪತ್ರೆಗಳ ಸ್ಥಿತಿ ಬೇರೆ. ಜಿಲ್ಲಾ ಆಸ್ಪತ್ರೆಯ ಮುಖ್ಯಸ್ಥರು ಜಿಲ್ಲಾ ಶಸ್ತ್ರಚಿಕಿತ್ಸಕರು. ತಾಲ್ಲೂಕು ಆಸ್ಪತ್ರೆಗೆ ಆಡಳಿತ ವೈದ್ಯಾಧಿಕಾರಿ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ವೈದ್ಯಕೀಯ ಅಧೀಕ್ಷಕರು. ಇವರೆಲ್ಲರೂ ವೈದ್ಯರು. ಶಸ್ತ್ರಚಿಕಿತ್ಸೆಯಲ್ಲೋ ಹೆರಿಗೆಯಲ್ಲೋ ಪರಿಣತರಾಗಿ ಸೇವಾ ಹಿರಿತನದಿಂದ ಕುರ್ಚಿಗೆ ಬಂದವರು, ಅಂದಿನಿಂದ ಟೆಂಡರ್ ಕಡತ, ಹೊರಗುತ್ತಿಗೆ ಸಿಬ್ಬಂದಿಯ ವೇತನ, ಲಿಫ್ಟ್ ದುರಸ್ತಿ, ಜನರೇಟರ್ ಡೀಸೆಲ್, ಮಾಹಿತಿ ಹಕ್ಕು ಅರ್ಜಿ, ಲೋಕಾಯುಕ್ತ ನೋಟಿಸುಗಳ ನಡುವೆ ಸಿಲುಕುತ್ತಾರೆ. ಒಬ್ಬ ತಜ್ಞ ವೈದ್ಯರ ಸೇವೆ ರೋಗಿಗಳಿಗೆ ನಷ್ಟವಾಗುತ್ತದೆ; ಆಡಳಿತಕ್ಕೂ ತರಬೇತಾದವರು ದೊರೆತಂತಾಗುವುದಿಲ್ಲ. ಹೀಗೆ ನಷ್ಟ ಇಮ್ಮಡಿ.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದ ಮೇಲೆ ಜಿಲ್ಲಾ ಕಾರ್ಯಕ್ರಮ ವ್ಯವಸ್ಥಾಪಕರು, ಗುಣಮಟ್ಟ ಸಮಾಲೋಚಕರು ಮುಂತಾದ ಹೊಸ ಹುದ್ದೆಗಳು ಬಂದವು. ಎಂಎಚ್‌ಎ, ಎಂಪಿಎಚ್ ಪದವೀಧರರಿಗೆ ಸರ್ಕಾರಿ ವ್ಯವಸ್ಥೆಯೊಳಗೆ ಕಾಲಿಡಲು ಸಿಕ್ಕ ದಾರಿಯದು. ಆದರೆ ಇವು ಗುತ್ತಿಗೆ ಹುದ್ದೆಗಳು. ಖಾಯಂ ನೌಕರರಿಗೆ ಆದೇಶ ನೀಡುವ ಅಧಿಕಾರ ಗುತ್ತಿಗೆ ನೌಕರರಿಗೆ ಇರುವುದಿಲ್ಲ. ಉಗ್ರಾಣದಲ್ಲಿ ದೋಷ ಕಂಡರೆ ಅವರು ವರದಿ ಬರೆಯಬಹುದು. ಆ ವರದಿಯ ಮೇಲೆ ಕ್ರಮ ಕೈಗೊಳ್ಳುವವರು ಬೇರೆಯವರು.

2017ರ ರಾಷ್ಟ್ರೀಯ ಆರೋಗ್ಯ ನೀತಿ ಎಲ್ಲ ರಾಜ್ಯಗಳಲ್ಲೂ ಸಾರ್ವಜನಿಕ ಆರೋಗ್ಯ ನಿರ್ವಹಣಾ ವೃಂದ ರಚಿಸಬೇಕೆಂದು ಹೇಳಿತು. ವೈದ್ಯರಷ್ಟೇ ಅಲ್ಲದೆ ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಶುಶ್ರೂಷೆ, ಆಸ್ಪತ್ರೆ ನಿರ್ವಹಣೆ ಹಿನ್ನೆಲೆಯವರನ್ನೂ ತರಬೇತಿಯ ಬಳಿಕ ಈ ವೃಂದಕ್ಕೆ ಪರಿಗಣಿಸಬಹುದೆಂಬ ಆಶಯ ಆ ನೀತಿಯಲ್ಲಿದೆ. 2022ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇದಕ್ಕಾಗಿ ಮಾರ್ಗದರ್ಶಿಯನ್ನೂ ಹೊರತಂದಿತು. ಆರೋಗ್ಯ ರಾಜ್ಯಗಳ ವಿಷಯವಾದ್ದರಿಂದ ಹುದ್ದೆ ಸೃಷ್ಟಿಸುವ, ನೇಮಕಾತಿ ನಿಯಮ ರೂಪಿಸುವ ಹೊಣೆ ರಾಜ್ಯ ಸರ್ಕಾರಗಳದ್ದು.

ಉಗ್ರಾಣದಿಂದ ಹಾಸಿಗೆಯವರೆಗೆ

ಆಡಳಿತದ ಬೆಲೆ ಏನೆಂಬುದಕ್ಕೆ ದೃಷ್ಟಾಂತಗಳು ಕಡಮೆಯಿಲ್ಲ. 2017ರ ಆಗಸ್ಟ್‌ನಲ್ಲಿ ಉತ್ತರ ಪ್ರದೇಶದ ಗೋರಖಪುರದ ಬಿಆರ್‌ಡಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಗುತ್ತಿಗೆದಾರರ ಬಾಕಿ ಪಾವತಿಯಾಗದೆ ಆಮ್ಲಜನಕ ಪೂರೈಕೆಯಲ್ಲಿ ವ್ಯತ್ಯಯವಾಯಿತು. ಅದೇ ದಿನಗಳಲ್ಲಿ ಹಲವು ಮಕ್ಕಳು ಮೃತಪಟ್ಟರು. ಸಾವಿಗೆ ಆಮ್ಲಜನಕದ ಕೊರತೆ ಕಾರಣವಲ್ಲವೆಂದು ಅಲ್ಲಿನ ಸರ್ಕಾರ ವಾದಿಸಿತು. ಕಾರಣದ ವಿವಾದ ಏನೇ ಇರಲಿ, ಪ್ರಾಣವಾಯುವಿನ ಬಿಲ್ಲು ಯಾವ ಮೇಜಿನ ಮೇಲೆ ಎಷ್ಟು ದಿನ ಕೂತಿದೆ ಎಂಬುದು ರೋಗಿಯ ಪ್ರಾಣದ ಪ್ರಶ್ನೆಯೂ ಹೌದೆಂಬುದು ಸ್ಪಷ್ಟವಾಯಿತು.

2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಐವರು ಬಾಣಂತಿಯರು ಸಾವಿಗೀಡಾದ ಪ್ರಕರಣ ಇನ್ನೂ ಹಸಿಯಾಗಿದೆ. ಅವರಿಗೆ ನೀಡಲಾದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಮೂಡಿತು. ಅದನ್ನು ತಯಾರಿಸಿದ ಪಶ್ಚಿಮ ಬಂಗಾಳದ ಕಂಪನಿಯ ವಿರುದ್ಧ ಕ್ರಮಕ್ಕೆ ರಾಜ್ಯ ಮುಂದಾಯಿತು. ರಾಜ್ಯದ ಔಷಧ ನಿಯಂತ್ರಕರು ಅಮಾನತುಗೊಂಡರು. ಔಷಧ ಖರೀದಿ ನಡೆಯುವುದು ರಾಜ್ಯಮಟ್ಟದಲ್ಲಿ, ವೈದ್ಯಕೀಯ ಸರಬರಾಜು ನಿಗಮದ ಮೂಲಕ. ಆದರೆ ಯಾವ ಬ್ಯಾಚಿನ ಬಾಟಲಿ ಯಾವ ವಾರ್ಡಿಗೆ ಹೋಯಿತು, ಮೊದಲ ರೋಗಿಗೆ ತೊಂದರೆಯಾದ ಕ್ಷಣದಲ್ಲೇ ಆ ಬ್ಯಾಚನ್ನು ತಡೆಹಿಡಿಯುವುದು ಹೇಗೆ ಎಂಬುದು ಆಸ್ಪತ್ರೆಯ ಒಳಗಿನ ಪ್ರಶ್ನೆ. ಎಂಎಚ್‌ಎ ಪಠ್ಯದಲ್ಲಿ ದಾಸ್ತಾನು ನಿರ್ವಹಣೆ, ಅಡ್ಡಪರಿಣಾಮಗಳ ವರದಿ ಎಂಬ ಅಧ್ಯಾಯಗಳಿರುವುದು ಇದಕ್ಕಾಗಿಯೇ.

ಹಾಗೆಂದು ಪದವೀಧರರೊಬ್ಬರನ್ನು ನೇಮಿಸಿದ ಮಾತ್ರಕ್ಕೆ ಎಲ್ಲ ದುರಂತಗಳೂ ತಪ್ಪುತ್ತವೆ ಎಂದು ಭಾವಿಸುವುದು ಸರಿಯಲ್ಲ. 2021ರ ಮೇ ತಿಂಗಳಲ್ಲಿ ಇಡೀ ರಾಜ್ಯಕ್ಕೇ ಆಮ್ಲಜನಕ ಸಾಲದಾಗಿತ್ತು. ದಿನಕ್ಕೆ 1,200 ಟನ್ ಹಂಚಿಕೆ ಮಾಡಬೇಕೆಂದು ಹೈಕೋರ್ಟ್ ಕೇಂದ್ರಕ್ಕೆ ನಿರ್ದೇಶಿಸಬೇಕಾಯಿತು. ಆ ಆದೇಶದಲ್ಲಿ ಮಧ್ಯಪ್ರವೇಶಿಸಲು ಸುಪ್ರೀಂ ಕೋರ್ಟ್ ನಿರಾಕರಿಸಿತು. ಅಂಥ ಕೊರತೆಯನ್ನು ಒಂದು ಆಸ್ಪತ್ರೆಯ ಆಡಳಿತಗಾರ ನೀಗಿಸಲಾರ. ಆದರೆ ಕೊರತೆ ಬರುತ್ತಿದೆಯೆಂದು ಮೊದಲೇ ಎಚ್ಚರಿಸಬಲ್ಲ. ರೋಗಿಗಳನ್ನು ಬೇರೆಡೆಗೆ ಸಾಗಿಸಲು ಸಮಯ ದೊರಕಿಸಿಕೊಡಬಲ್ಲ. ಅದಕ್ಕೆ ಬೇಕಾದುದು ಆತನ ಮಾತಿಗೆ ತೂಕ ಕೊಡುವ ವ್ಯವಸ್ಥೆ.

ಮಧುರೆಯ ಪಾಠ

ವೈದ್ಯರೂ ಆಡಳಿತಗಾರರೂ ಸರಿಸಮವಾಗಿ ನಡೆದರೆ ಏನಾಗುತ್ತದೆಂಬುದಕ್ಕೆ ನೆರೆಯ ತಮಿಳುನಾಡಿನಲ್ಲೇ ಉದಾಹರಣೆಯಿದೆ. ನಿವೃತ್ತಿಯ ನಂತರ ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ ಮಧುರೆಯಲ್ಲಿ 11 ಹಾಸಿಗೆಗಳಿಂದ ಆರಂಭಿಸಿದ ಅರವಿಂದ ಕಣ್ಣಾಸ್ಪತ್ರೆ ಇಂದು ಜಗತ್ತಿನ ದೊಡ್ಡ ಕಣ್ಣಿನ ಆರೈಕೆ ಸಂಸ್ಥೆಗಳಲ್ಲೊಂದು. ಅಲ್ಲಿನ ಶಸ್ತ್ರಚಿಕಿತ್ಸಕರ ಕೌಶಲ ಎಲ್ಲರಿಗೂ ಗೊತ್ತು. ಅದರ ಹಿಂದಿರುವ ಆಡಳಿತದ ಕೌಶಲ ಅಷ್ಟಾಗಿ ಗೊತ್ತಿಲ್ಲ.

ಕೊಲ್ಕತ್ತದ ಐಐಎಂನಲ್ಲಿ ಓದಿದ ಆರ್.ಡಿ. ತುಳಸಿರಾಜ್ 1980ರ ದಶಕದ ಆರಂಭದಲ್ಲಿ ಅರವಿಂದಕ್ಕೆ ಬಂದರು. ಅವರು ವೈದ್ಯರಲ್ಲ. ಆದರೆ ಆಸ್ಪತ್ರೆಯ ಕಾರ್ಯವ್ಯವಸ್ಥೆ ರೂಪಿಸಿದವರಲ್ಲಿ ಪ್ರಮುಖರು. ಶಸ್ತ್ರಚಿಕಿತ್ಸಕರ ಒಂದು ನಿಮಿಷವೂ ವ್ಯರ್ಥವಾಗದಂತೆ ಒಬ್ಬರ ಚಿಕಿತ್ಸೆ ಮುಗಿಯುವ ಹೊತ್ತಿಗೆ ಪಕ್ಕದ ಮೇಜಿನಲ್ಲಿ ಇನ್ನೊಬ್ಬ ರೋಗಿ ಸಿದ್ಧವಾಗಿರುವ ಪದ್ಧತಿ, ಹಳ್ಳಿಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಸಹಾಯಕ ಕೆಲಸಗಳನ್ನು ಹಂಚುವ ಪದ್ಧತಿ ಅಲ್ಲಿ ಬೆಳೆದವು. 1992ರಲ್ಲಿ ಕಣ್ಣಿನೊಳಗಿಡುವ ಮಸೂರಗಳನ್ನು ಅಗ್ಗವಾಗಿ ತಯಾರಿಸಲು ಅರೋಲ್ಯಾಬ್ ಸ್ಥಾಪನೆಯಾಯಿತು. ಅದೇ ವರ್ಷ ಇತರ ಆಸ್ಪತ್ರೆಗಳವರಿಗೆ ನಿರ್ವಹಣೆ ಕಲಿಸಲು ಲೈಕೊ ಎಂಬ ಸಂಸ್ಥೆ ಹುಟ್ಟಿತು. ಹಣ ಕೊಡಬಲ್ಲವರಿಂದ ಪಡೆದು, ಕೊಡಲಾಗದವರಿಗೆ ಉಚಿತವಾಗಿಯೋ ಕಡಮೆ ದರದಲ್ಲೋ ಚಿಕಿತ್ಸೆ ನೀಡುವುದು ಅಲ್ಲಿ ಸಾಧ್ಯವಾದುದು ದಾನದಿಂದಲ್ಲ, ಲೆಕ್ಕದಿಂದ.

ಅಲ್ಲಿ ಆಡಳಿತಗಾರನಿಗೆ ನಿರ್ಧಾರದ ಮೇಜಿನಲ್ಲಿ ಸ್ಥಾನವಿತ್ತು ಎಂಬುದು ಇಲ್ಲಿನ ಮುಖ್ಯ ಅಂಶ. ಪದವಿ ಮತ್ತು ಅಧಿಕಾರ ಎರಡೂ ಜತೆಗೂಡಿದಾಗ ಫಲ ಸಿಗುತ್ತದೆ.

ಸೇರುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಪ್ರವೇಶದ ಋತುವಿನಲ್ಲಿ ಜಾಹೀರಾತುಗಳು ಹೊಳೆಯುವುದು ಸಹಜ. ಆರೋಗ್ಯ ಕ್ಷೇತ್ರ ಬೆಳೆಯುತ್ತಿದೆ ಎಂಬ ಒಂದೇ ಮಾತಿಗೆ ಮರುಳಾಗಿ ಲಕ್ಷಗಟ್ಟಲೆ ಶುಲ್ಕ ಕಟ್ಟುವ ಮುನ್ನ ವಿದ್ಯಾರ್ಥಿಗಳು ಕೆಲವು ಅಂಶಗಳನ್ನು ಪರಿಶೀಲಿಸುವುದು ಒಳಿತು.

ಪದವಿ ನೀಡುವ ವಿಶ್ವವಿದ್ಯಾಲಯ ಯಾವುದು, ಅದಕ್ಕೆ ಮಾನ್ಯತೆಯಿದೆಯೆ? ಡಿಪ್ಲೊಮಾ ಆಗಿದ್ದರೆ ಅದು ಪದವಿಗೆ ಸಮಾನವೆ? ಕಾಲೇಜಿಗೆ ಸ್ವಂತ ಬೋಧನಾ ಆಸ್ಪತ್ರೆಯಿದೆಯೆ, ಇಲ್ಲವಾದರೆ ತರಬೇತಿ ಎಲ್ಲಿ? ತರಬೇತಿಯ ಅವಧಿಯಲ್ಲಿ ಉಗ್ರಾಣ, ಶಸ್ತ್ರಚಿಕಿತ್ಸಾ ಕೊಠಡಿ, ತುರ್ತು ವಿಭಾಗ, ದಾಖಲೆ ಕೊಠಡಿಗಳಲ್ಲಿ ಸರದಿಯಂತೆ ಕೆಲಸ ಮಾಡಿಸುತ್ತಾರೆಯೆ ಅಥವಾ ಸಂಬಳವಿಲ್ಲದ ಸ್ವಾಗತಕಾರರನ್ನಾಗಿ ಕೂರಿಸುತ್ತಾರೆಯೆ? ಐದು ವರ್ಷಗಳ ಹಿಂದೆ ಓದಿ ಹೋದವರು ಇಂದು ಯಾವ ಹುದ್ದೆಯಲ್ಲಿದ್ದಾರೆ? ಕೊನೆಯ ಪ್ರಶ್ನೆಗೆ ಸಿಗುವ ಉತ್ತರ ಉಳಿದೆಲ್ಲ ಕೈಪಿಡಿಗಳಿಗಿಂತ ಹೆಚ್ಚು ನಂಬಲರ್ಹ.

ವಾರ್ಡಿನ ಅನುಭವವಿರುವ ದಾದಿಯರಿಗೆ, ಕಿರಿಯ ವೈದ್ಯರಿಗೆ ಈ ಪದವಿ ವಿಶೇಷ ಪ್ರಯೋಜನಕಾರಿ. ಚಿಕಿತ್ಸೆಯ ಭಾಷೆಯೂ ಲೆಕ್ಕದ ಭಾಷೆಯೂ ಅವರಿಗೆ ಒಟ್ಟಿಗೆ ದಕ್ಕುತ್ತವೆ. ಅನ್ಯ ವಿಷಯಗಳ ಪದವೀಧರರು ಹೆಚ್ಚಿನ ಪರಿಶ್ರಮಕ್ಕೆ ಸಿದ್ಧರಾಗಿರಬೇಕು. ವೈದ್ಯರ ವಿಶ್ವಾಸ ಗಳಿಸದ ಆಡಳಿತಗಾರ ಆಸ್ಪತ್ರೆಯಲ್ಲಿ ಹೆಚ್ಚು ದಿನ ಬಾಳಲಾರ.

ಸರ್ಕಾರ ಮಾಡಬೇಕಾದುದು

ವಿಮಾ ಯೋಜನೆಗಳು ಸರ್ಕಾರಿ ಆಸ್ಪತ್ರೆಗಳ ಹಣಕಾಸಿನ ಸ್ವರೂಪವನ್ನೇ ಬದಲಿಸಿವೆ. 2018ರಲ್ಲಿ ಆಯುಷ್ಮಾನ್ ಭಾರತ್ ಮತ್ತು ಆರೋಗ್ಯ ಕರ್ನಾಟಕ ಒಂದಾದ ಮೇಲೆ ಅರ್ಹ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ವೆಚ್ಚ ಭರಿಸುವ ವ್ಯವಸ್ಥೆ ಬಂತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಸರ್ಕಾರಿ ಆಸ್ಪತ್ರೆಗಳಿಗೂ ಹಣ ಮರುಪಾವತಿಯಾಗುತ್ತದೆ. ದಾಖಲೆ ಸರಿಯಿದ್ದ ಆಸ್ಪತ್ರೆಗೆ ಹಣ ಬರುತ್ತದೆ; ಇಲ್ಲದ ಆಸ್ಪತ್ರೆಗೆ ಬರುವುದಿಲ್ಲ. ಆ ಹಣದಿಂದ ಉಪಕರಣ ಕೊಳ್ಳಬಹುದು, ದುರಸ್ತಿ ಮಾಡಿಸಬಹುದು. ತರಬೇತಾದ ಆಡಳಿತಗಾರನ ಸಂಬಳ ಬೊಕ್ಕಸಕ್ಕೆ ಹೊರೆಯೆಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಮೊದಲ ಹಂತದಲ್ಲಿ ಪ್ರತಿ ಜಿಲ್ಲಾ ಆಸ್ಪತ್ರೆಗೆ ಒಂದು ಖಾಯಂ ಆಡಳಿತ ನಿರ್ವಾಹಕರ ಹುದ್ದೆ ಸೃಷ್ಟಿಸಿ, ಎಂಎಚ್‌ಎ ಅಥವಾ ತತ್ಸಮಾನ ಪದವಿಯನ್ನು ಅರ್ಹತೆಯಾಗಿ ನಿಗದಿಪಡಿಸಿದರೆ ಸಾಕು. ಚಿಕಿತ್ಸೆಯ ನಿರ್ಧಾರಗಳು ಜಿಲ್ಲಾ ಶಸ್ತ್ರಚಿಕಿತ್ಸಕರ ಬಳಿಯೇ ಇರಲಿ. ದಾಸ್ತಾನು, ನಿರ್ವಹಣಾ ಗುತ್ತಿಗೆ, ಅಗ್ನಿಸುರಕ್ಷತೆ, ವಿಮಾ ದಾಖಲೆಗಳ ಹೊಣೆ ಹೊಸ ಹುದ್ದೆಗೆ ಬರಲಿ. ಹೊಣೆಯ ಜತೆಗೆ ಸಹಿ ಹಾಕುವ ಅಧಿಕಾರವೂ ಬರಲಿ. ತಪ್ಪಾದಾಗ ಉತ್ತರ ಕೊಡಬೇಕಾದವರು ಯಾರೆಂಬುದು ಆಗ ಮಾತ್ರ ನಿಶ್ಚಯವಾಗುತ್ತದೆ.

ವೈದ್ಯರ ಸಂಘಗಳಿಂದ ಇದಕ್ಕೆ ಆಕ್ಷೇಪ ಬರಬಹುದು. ವೈದ್ಯರಲ್ಲದವರು ಆಸ್ಪತ್ರೆ ನಡೆಸುವುದೆಂತು ಎಂಬ ಪ್ರಶ್ನೆ ಹಳೆಯದು. ಆದರೆ ಕಡತಗಳಿಂದ ಬಿಡುಗಡೆ ಪಡೆದು ಶಸ್ತ್ರಚಿಕಿತ್ಸಾ ಕೊಠಡಿಗೆ ಮರಳುವ ಅವಕಾಶ ಸಿಕ್ಕರೆ ಅದರ ಲಾಭ ಮೊದಲು ದೊರೆಯುವುದು ವೈದ್ಯರಿಗೇ, ಬಳಿಕ ಅವರನ್ನು ನಂಬಿ ಬಂದ ರೋಗಿಗಳಿಗೆ. ಪದವೀಧರರನ್ನು ತಯಾರು ಮಾಡುವ ಕೆಲಸವನ್ನು ವಿಶ್ವವಿದ್ಯಾಲಯಗಳು ಈಗಾಗಲೇ ಮಾಡುತ್ತಿವೆ. ಅವರಿಗೆ ಕುರ್ಚಿ ಹಾಕುವ ಕೆಲಸ ವಿಧಾನಸೌಧದಲ್ಲಿ ಆಗಬೇಕಿದೆ.